ಬ್ರಾಂಡಿ ಮನೆತನದ ಮಕ್ಕಳಿಗೆ ಸಿಗುವ ಆಸ್ತಿ ಯಾವುದು?

ಪ್ರಶ್ನೆ: ನಮ್ಮಜ್ಜ ಕುಂದಾಪುರದ ಕಡೆಯವರು. ಮುಂಬಯಿಗೆ ಬಂದು ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆದು, ಆಮೇಲೆ ಗಲ್ಲಾದಲ್ಲಿ ಕೂತು, ಕೊನೆಗೆ ಮುಲುಂಡಿನಲ್ಲಿ ಸ್ವಂತ ಪರ್ಮಿಟ್ ರೂಮ್, ಅಂದರೆ ಬಾರು, ಮಾಡಿದರು. ಈಗ ನಡೆಸುತ್ತಿರುವ ನಾನು ಮೂರನೇ ತಲೆಮಾರು. ಮಗಳು ಪುಣೆಯಲ್ಲಿ ಎಂ.ಬಿ.ಎ. ಓದುತ್ತಿದ್ದಾಳೆ. ರಜೆಗೆ ಬಂದವಳು ಶೆಲ್ಫಿನಲ್ಲಿದ್ದ ಹೆನೆಸ್ಸಿ ಬ್ರಾಂಡಿಯ ಬಾಟಲಿ ನೋಡಿ, "ಪಪ್ಪಾ, ಇದು 1765ರ ಕಂಪನಿಯಂತೆ. ಈಗಲೂ ಅದೇ ಮನೆಯವರೇ ನಡೆಸುತ್ತಾರಾ? ನಾವು ದಿನಾ ಮಾರುವ ಬ್ರಾಂಡಿಗಳಿಗೆ ಯಾಕೆ ಇಂಥ ಕಥೆ ಇಲ್ಲ?" ಎಂದು ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಇನ್ನೂ ಒಂದು ವಿಷಯ. ಅಪ್ಪ 1980ರ ದಶಕದಲ್ಲಿ ದುಬೈಯಿಂದ ತರಿಸಿದ್ದ ಮಾರ್ಟೆಲ್ ಬ್ರಾಂಡಿಯ ಬಾಟಲಿಯೊಂದು ಸೀಲ್ ಒಡೆಯದೆ ಮನೆಯಲ್ಲಿದೆ. ಇಟ್ಟಷ್ಟೂ ಒಳ್ಳೆಯದಾಗುತ್ತದಾ?

ಉತ್ತರ: ಮಗಳ ಮೊದಲ ಪ್ರಶ್ನೆಗೆ ನೇರವಾಗಿ ಹೇಳಿಬಿಡುತ್ತೇನೆ. ಹೆನೆಸ್ಸಿ ಈಗ ಹೆನೆಸ್ಸಿ ಮನೆಯವರದ್ದಲ್ಲ. 1971ರಲ್ಲಿ ಆ ಕಂಪನಿ ಶಾಂಪೇನ್ ಮಾಡುವ ಮೊಯೆ ಕಂಪನಿಯ ಜೊತೆ ಸೇರಿತು. 1987ರಲ್ಲಿ ಆ ಜೋಡಿ ಲೂಯಿ ವಿತ್ತೋಂ ಬ್ಯಾಗಿನವರ ಜೊತೆ ಸೇರಿ ಎಲ್‌ವಿಎಂಎಚ್ ಆಯಿತು. ಅದರ ಹಿಡಿತ ಇರುವುದು ಅರ್ನೋ ಕುಟುಂಬದ ಕೈಯಲ್ಲಿ. ಮದ್ಯದ ವಿಭಾಗದಲ್ಲಿ 34 ಪರ್ಸೆಂಟ್ ಪಾಲು ಡಿಯಾಜಿಯೋ ಎಂಬ ಬ್ರಿಟಿಷ್ ಮದ್ಯ ಕಂಪನಿಯದ್ದು. ಹೆನೆಸ್ಸಿ ವಂಶದ ಎಂಟನೇ ತಲೆಮಾರಿನ ಮೋರಿಸ್ ಹೆನೆಸ್ಸಿ ಬಹಳ ವರ್ಷ ಕಂಪನಿಯ ಪರವಾಗಿ ದೇಶ ದೇಶ ಸುತ್ತಿ ಮಾತಾಡಿದರು. ಮುಖ ಅವರದ್ದು, ಯಜಮಾನಿಕೆ ಬೇರೆಯವರದ್ದು.

ಆದರೆ ಅದೇ ಕಂಪನಿಯೊಳಗೆ ಇನ್ನೊಂದು ಮನೆತನ ಇದೆ. ಅವರ ಹೆಸರು ಬಾಟಲಿಯ ಮೇಲೆ ಇರುವುದಿಲ್ಲ. ಫಿಯೂ ಅಂತ ಅವರ ಮನೆ ಹೆಸರು. 19ನೇ ಶತಮಾನದ ಶುರುವಿನಿಂದ ಹೆನೆಸ್ಸಿಯ ಮಾಸ್ಟರ್ ಬ್ಲೆಂಡರ್ ಕೆಲಸ ಈ ಕುಟುಂಬದ್ದೇ. ಯಾವ ಪೀಪಾಯಿಯದ್ದನ್ನು ಯಾವುದಕ್ಕೆ ಬೆರೆಸಬೇಕು, ಯಾವುದನ್ನು ಇನ್ನೂ 30 ವರ್ಷ ಮುಟ್ಟಬಾರದು ಎಂದು ಹೇಳುವವರು ಇವರು. ಏಳನೇ ತಲೆಮಾರಿನ ಯಾನ್ ಫಿಯೂ ಸುಮಾರು ಅರ್ಧ ಶತಮಾನ ಕೆಲಸ ಮಾಡಿ 2017ರಲ್ಲಿ ಬಿಟ್ಟರು. ಆ ಜಾಗಕ್ಕೆ ಬಂದದ್ದು ಮಗನಲ್ಲ, ಕುಟುಂಬದ ಮುಂದಿನ ತಲೆಮಾರಿನ ರೆನೋ ಫಿಯೂ. ಎಂಟನೆಯವರು. ಮೇಲೆ ಯಜಮಾನರು ಬದಲಾದರು, ಕೆಳಗೆ ನೆಲಮಾಳಿಗೆಯಲ್ಲಿ ಇವರು ಬದಲಾಗಲಿಲ್ಲ. ನನ್ನನ್ನು ಕೇಳಿದರೆ ಬ್ರಾಂಡಿ ಮನೆತನ ಎಂದರೆ ಇದು. ನಾಸಿಕ್ ಮತ್ತು ಗೋವಾದ ಡಿಸ್ಟಿಲರಿ ಲ್ಯಾಬುಗಳಲ್ಲಿ ಬ್ಲೆಂಡಿಂಗ್ ಮಾಡಿಕೊಂಡು ಬಂದವನು ನಾನು. ಹಾಗಾಗಿ ಈ ಪಕ್ಷಪಾತ ಸ್ವಲ್ಪ ಇದ್ದೇ ಇರುತ್ತದೆ.

ಈಗ ಕಥೆಗೆ ಬರೋಣ. ಕೊನ್ಯಾಕ್ ಎನ್ನುವುದು ಫ್ರಾನ್ಸಿನ ಪಶ್ಚಿಮಕ್ಕೆ, ಶರಾಂತ್ ನದಿಯ ದಡದಲ್ಲಿರುವ ಊರು. ಆ ಸೀಮೆಯ ಬ್ರಾಂಡಿಗೂ ಅದೇ ಹೆಸರು. ಅಲ್ಲಿನ ದ್ರಾಕ್ಷಿಯ ವೈನ್ ಹುಳಿ, ಅದರಲ್ಲಿ ಆಲ್ಕೋಹಾಲ್ ಕೂಡ ಕಮ್ಮಿ. ಕುಡಿಯಲು ಅಂಥಾ ರುಚಿಯೇನಲ್ಲ. ಆದರೆ ಭಟ್ಟಿ ಇಳಿಸಲು ಅಂಥದ್ದೇ ಬೇಕು. 17ನೇ ಶತಮಾನದಲ್ಲಿ ಡಚ್ ವ್ಯಾಪಾರಿಗಳು ಉಪ್ಪಿಗೂ ವೈನಿಗೂ ಆ ಕಡೆ ಹಡಗು ತರುತ್ತಿದ್ದರು. ವೈನನ್ನು ಕಾಯಿಸಿ ಇಳಿಸಿದರೆ ಕೆಡುವುದಿಲ್ಲ, ಹಡಗಿನಲ್ಲಿ ಜಾಗವೂ ಉಳಿಯುತ್ತದೆ. ವ್ಯಾಪಾರ ಶುರುವಾದದ್ದು ಆ ಲೆಕ್ಕಾಚಾರದಿಂದ. ಪೀಪಾಯಿಯಲ್ಲಿ ಕೂತಷ್ಟೂ ರುಚಿ ಏರುತ್ತದೆ ಎನ್ನುವುದು ಆಮೇಲೆ ಗೊತ್ತಾದ ಸಂಗತಿ.

ಇನ್ನೊಂದು ತಮಾಷೆ ನೋಡಿ. ಈ ದೊಡ್ಡ ಮನೆತನಗಳಲ್ಲಿ ಹಲವು ಊರಿನವರೇ ಅಲ್ಲ. 1715ರಲ್ಲಿ ಮಾರ್ಟೆಲ್ ಶುರು ಮಾಡಿದ ಜಾನ್ ಮಾರ್ಟೆಲ್ ಜೆರ್ಸಿ ದ್ವೀಪದವನು. ರಿಚರ್ಡ್ ಹೆನೆಸ್ಸಿ ಐರ್ಲೆಂಡಿನ ಕಾರ್ಕ್ ಜಿಲ್ಲೆಯವನು. ಫ್ರೆಂಚ್ ರಾಜನ ಸೈನ್ಯದಲ್ಲಿ ಐರಿಷ್ ಪಡೆಗೆ ಸೇರಿದ್ದವನು, ಆಮೇಲೆ ವ್ಯಾಪಾರಕ್ಕೆ ಇಳಿದ. ಹೈನ್ ಮನೆತನದ ಮೂಲಪುರುಷ ಇಂಗ್ಲೆಂಡಿನ ಡಾರ್ಸೆಟ್‌ನವನು. ಬರಿಗೈಯಲ್ಲಿ ಬೇರೆ ಊರಿಗೆ ಹೋಗಿ, ಅಲ್ಲಿಯ ಮಾಲನ್ನು ಅಲ್ಲಿಯವರಿಗಿಂತ ಚೆನ್ನಾಗಿ ಮಾರುವುದು ಮುಂಬಯಿಯ ಕುಂದಾಪುರದವರಿಗೆ ನಾನು ವಿವರಿಸಬೇಕಾಗಿಲ್ಲ.

ರಿಚರ್ಡ್ ಹೆನೆಸ್ಸಿ ಅಂಥಾ ಚತುರ ವ್ಯಾಪಾರಿಯೇನಲ್ಲ. 1765ರಲ್ಲಿ ಶುರು ಮಾಡಿದ, ಪಾಲುದಾರಿಕೆ ಮಾಡಿದ, ನಡುವೆ ಬೋರ್ದೋ ನಗರಕ್ಕೂ ಹೋದ. ಕಂಪನಿಯನ್ನು ಕಂಪನಿ ಮಾಡಿದ್ದು ಮಗ ಜೇಮ್ಸ್. ಅಮೆರಿಕಕ್ಕೆ ಮಾಲು ಹೋಗತೊಡಗಿದ್ದು 18ನೇ ಶತಮಾನದ ಕೊನೆಗೆ. 1813ರಿಂದ ಹೆಸರು ಜೇಮ್ಸ್ ಹೆನೆಸ್ಸಿ ಅಂಡ್ ಕಂಪನಿ. ನಿಮ್ಮ ಶೆಲ್ಫಿನ ಬಾಟಲಿಯ ಲೇಬಲ್ ಸರಿಯಾಗಿ ನೋಡಿ, ರಿಚರ್ಡ್ ಅಂತ ಇರುವುದಿಲ್ಲ, ಜೇಮ್ಸ್ ಹೆಸರನ್ನು ಚಿಕ್ಕದು ಮಾಡಿ Jas ಅಂತ ಇರುತ್ತದೆ. 1817ರಲ್ಲಿ ಮುಂದೆ ನಾಲ್ಕನೇ ಜಾರ್ಜ್ ಆದ ಇಂಗ್ಲೆಂಡಿನ ರಾಜಕುಮಾರ ತುಂಬಾ ಒಳ್ಳೆಯ, ಹಳೆಯ, ತಿಳಿ ಬಣ್ಣದ ಬ್ರಾಂಡಿ ಬೇಕೆಂದು ಬರೆದು ಕಳಿಸಿದನಂತೆ. ಬಾಟಲಿಯ ಮೇಲೆ ದರ್ಜೆ ಹೇಳುವ ವಿ.ಎಸ್.ಓ.ಪಿ. (ಆ ಮಾತುಗಳದ್ದೇ ಇಂಗ್ಲಿಷ್ ಮೊದಲಕ್ಷರಗಳು) ಹುಟ್ಟಿದ್ದು ಅಲ್ಲಿಂದ ಎನ್ನುತ್ತಾರೆ. ಅದಕ್ಕಿಂತ ಮೇಲಿನ ದರ್ಜೆ ಎಕ್ಸ್.ಓ. ಬಂದದ್ದು 1870ರಲ್ಲಿ. ಮೊದಲು ಅದು ಮನೆಯವರಿಗೆ, ಸ್ನೇಹಿತರಿಗೆ ಅಂತ ಮಾಡಿದ್ದು.

ಆದರೆ ಇಸವಿ, ರಾಜರ ಹೆಸರು ಇವೆಲ್ಲ ಸೇಲ್ಸ್‌ನವರಿಗೆ ಬೇಕಾದವು. ಮಗಳು ಎಂ.ಬಿ.ಎ. ಓದುತ್ತಿದ್ದಾಳಲ್ವಾ, ಅವಳು ಕೇಳಬೇಕಾದ ಪ್ರಶ್ನೆ ಬೇರೆ. ಬಟ್ಟೆ ವ್ಯಾಪಾರ, ಸಕ್ಕರೆ ವ್ಯಾಪಾರ ಮೂರನೇ ತಲೆಮಾರಿಗೆ ಮುಗಿದುಹೋಗುವಾಗ ಇದು ಯಾಕೆ ಆರು, ಏಳು, ಎಂಟು ತಲೆಮಾರು ಹೋಗುತ್ತದೆ? ಉತ್ತರ ಮಾಡುವ ವಿಧಾನದಲ್ಲೇ ಇದೆ.

ದ್ರಾಕ್ಷಿ ಕೊಯ್ದು, ರಸ ತೆಗೆದು, ಹುಳಿಸಿ ವೈನ್ ಮಾಡುತ್ತಾರೆ. ಅದರಲ್ಲಿ ಆಲ್ಕೋಹಾಲ್ 9 ಪರ್ಸೆಂಟ್ ಆಸುಪಾಸು. ಉಬ್ಬಿದ ಹೊಟ್ಟೆಯ ತಾಮ್ರದ ಹಂಡೆಯಲ್ಲಿ ಅದನ್ನು ಎರಡು ಸಲ ಇಳಿಸುತ್ತಾರೆ. ಮೊದಲ ಸಲ ಬರುವುದು ಮಬ್ಬಾದ, 30 ಪರ್ಸೆಂಟ್ ಹತ್ತಿರದ ದ್ರವ. ಅದನ್ನು ಮತ್ತೆ ಹಂಡೆಗೆ ಹಾಕಿ ಸಣ್ಣ ಉರಿಯಲ್ಲಿ ಸುಮಾರು 12 ತಾಸು ಇಳಿಸಬೇಕು. ಮೊದಲು ಬರುವ ಘಾಟು ಬೇರೆ, ಕೊನೆಯಲ್ಲಿ ಬರುವ ಭಾರದ ವಾಸನೆಯದ್ದು ಬೇರೆ. ನಡುವಿನದ್ದು ಮಾತ್ರ ಪೀಪಾಯಿಗೆ. ಅದು 70ರಿಂದ 72 ಪರ್ಸೆಂಟ್ ಇರುತ್ತದೆ, ನೀರಿನಷ್ಟು ಬೆಳ್ಳಗೆ. ಒಂದು ಲೀಟರ್ ಸಿಗಲು ಸುಮಾರು ಒಂಬತ್ತು ಲೀಟರ್ ವೈನ್ ಹೋಗುತ್ತದೆ. ಈ ಕೆಲಸವೆಲ್ಲ ಮಾರ್ಚ್ 31ರ ಒಳಗೆ ಮುಗಿಯಬೇಕು, ಕಾನೂನೇ ಹಾಗಿದೆ. ಬಿಸಿಲು ಏರಿದರೆ ವೈನ್ ಕೆಡುತ್ತದೆ. ನಿಮಗೂ ಮಾರ್ಚ್ 31 ಮರೆಯುವ ತಾರೀಖಲ್ಲ ಬಿಡಿ. ಲೈಸೆನ್ಸ್ ರಿನ್ಯೂವಲ್ ಫೀ ತುಂಬದಿದ್ದರೆ ಏಪ್ರಿಲ್ 1ಕ್ಕೆ ಶಟರ್ ಏಳುವುದಿಲ್ಲ.

ಆಮೇಲೆ ಕಾಯುವ ಕೆಲಸ. ಲಿಮೂಸಾಂ, ತ್ರೊನ್ಸೆ ಕಾಡುಗಳ ಓಕ್ ಮರದ ಪೀಪಾಯಿಯಲ್ಲಿ ಅದು ಕೂರುತ್ತದೆ. ಕೆಳಗಿನ ದರ್ಜೆ ವಿ.ಎಸ್. ಎನ್ನಲು ಬೆರಕೆಯಲ್ಲಿರುವ ಅತಿ ಎಳೆಯದ್ದಕ್ಕೂ ಎರಡು ವರ್ಷ ಆಗಿರಬೇಕು. ವಿ.ಎಸ್.ಓ.ಪಿ.ಗೆ ನಾಲ್ಕು. ಎಕ್ಸ್.ಓ.ಗೆ ಮೊದಲು ಆರು ಇತ್ತು, 2018ರಿಂದ ಹತ್ತು. ಇವು ಕನಿಷ್ಠ ಲೆಕ್ಕ. ದುಬಾರಿ ಬಾಟಲಿಗಳಲ್ಲಿ 40, 50, ಕೆಲವದರಲ್ಲಿ ನೂರು ವರ್ಷದ ಹತ್ತಿರದ್ದೂ ಸೇರಿರುತ್ತದೆ. ಅಷ್ಟು ಹೊತ್ತು ಮರದ ರಂಧ್ರಗಳಿಂದ ಮದ್ಯ ಆವಿಯಾಗಿ ಹೋಗುತ್ತಲೇ ಇರುತ್ತದೆ. ಕೊನ್ಯಾಕ್‌ನಲ್ಲಿ ವರ್ಷಕ್ಕೆ ಸುಮಾರು 2 ಪರ್ಸೆಂಟ್. ಅದನ್ನು ದೇವತೆಗಳ ಪಾಲು ಎನ್ನುತ್ತಾರೆ. ಆ ಆವಿಯನ್ನು ತಿಂದು ಬೆಳೆಯುವ ಒಂದು ಬೂಷ್ಟು ಇದೆ. ಊರಿನ ಗೋದಾಮುಗಳ ಗೋಡೆ, ಹೆಂಚುಗಳೆಲ್ಲ ಅದರಿಂದ ಕಪ್ಪಗಾಗಿವೆ. ಗೋಡೆ ಕಪ್ಪಗಿದ್ದರೆ ಒಳಗೆ ಮಾಲು ಇದೆ ಅಂತ ಗೊತ್ತಾಗಿಬಿಡುತ್ತದೆ.

ಲೆಕ್ಕ ಹಾಕಿ. ವರ್ಷಕ್ಕೆ 2 ಪರ್ಸೆಂಟ್ ಹೋದರೆ, ಇವತ್ತು ತುಂಬಿದ 100 ಲೀಟರಿನಲ್ಲಿ 30 ವರ್ಷಕ್ಕೆ ಉಳಿಯುವುದು ಸುಮಾರು 55 ಲೀಟರ್. 50 ವರ್ಷಕ್ಕೆ 36. ತುಂಬಿದವನಿಗೆ 40 ವರ್ಷ ವಯಸ್ಸಾಗಿದ್ದರೆ ಅದನ್ನು ಮಾರುವುದು ಅವನಲ್ಲ. ಅವನು ಮಾರುತ್ತಿರುವುದು ಅಜ್ಜ ತುಂಬಿಟ್ಟದ್ದನ್ನು, ತುಂಬುತ್ತಿರುವುದು ಮೊಮ್ಮಗಳಿಗೆ. ದುಡ್ಡು ಅಷ್ಟು ವರ್ಷ ನೆಲಮಾಳಿಗೆಯಲ್ಲಿ ಸುಮ್ನೆ ಕೂತಿರುತ್ತದೆ, ಸಾಲದ್ದಕ್ಕೆ ಕರಗುತ್ತಲೂ ಇರುತ್ತದೆ. ಮೂರು ತಿಂಗಳಿಗೊಮ್ಮೆ ಲಾಭ ತೋರಿಸಬೇಕಾದ ಮ್ಯಾನೇಜರ್‌ಗೆ ಈ ಕೆಲಸ ಹೇಳಿಸಿದ್ದಲ್ಲ. ಮನೆತನಗಳು ಉಳಿದದ್ದು ಪ್ರೀತಿ, ಪರಂಪರೆ ಅಂತೆಲ್ಲ ಅಲ್ಲ. ಇಷ್ಟು ನಿಧಾನದ ಬಂಡವಾಳವನ್ನು ಹಿಡಿದುಕೊಂಡು ಕೂರಲು ಹಿಂದಿನ ಕಾಲದಲ್ಲಿ ಮನೆಯವರನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ.

ಆದರೆ ಪೀಪಾಯಿ ಇದ್ದರಷ್ಟೇ ಸಾಲದು, ನಾಲಿಗೆಯೂ ಬೇಕು. ಒಂದೊಂದು ವರ್ಷದ ದ್ರಾಕ್ಷಿ ಒಂದೊಂದು ಥರ. ಗಿರಾಕಿಗೆ ಮಾತ್ರ ಅದೇ ರುಚಿ ಬೇಕು. ಭಟ್ಟರು ಬದಲಾದರೂ, ತೊಗರಿಬೇಳೆ ಬೇರೆ ಕಡೆಯಿಂದ ಬಂದರೂ ಹೋಟೆಲಿನ ಸಾಂಬಾರ್ ಬದಲಾಗಬಾರದಲ್ಲ, ಅದೇ ಪಾಡು. ಹೆನೆಸ್ಸಿಯಲ್ಲಿ ರುಚಿ ನೋಡುವ ಸಮಿತಿ ಬೆಳಿಗ್ಗೆ 11 ಗಂಟೆಗೆ ಕೂರುತ್ತದೆ. ಹೊಸಬರು ಹತ್ತು ವರ್ಷ ಬರೀ ಕೇಳಿಸಿಕೊಳ್ಳಬೇಕು, ಅಭಿಪ್ರಾಯ ಹೇಳುವ ಹಾಗಿಲ್ಲ. ಹೊರಗಿನವರಿಗೆ ಇದು ಬೂಟಾಟಿಕೆ ಅನ್ನಿಸಬಹುದು. ಲ್ಯಾಬಿನಲ್ಲಿ ಕೂತವರಿಗೆ ಅರ್ಥವಾಗುತ್ತದೆ. ಬಾಯಿ ಕಿರಿದಾದ ಗ್ಲಾಸಿಗೆ ಸ್ವಲ್ಪ ಸುರಿದು, ನೀರು ಬೆರೆಸಿ 20 ಪರ್ಸೆಂಟಿಗೆ ಇಳಿಸಿ, ಮೂಗಿನ ಹತ್ತಿರ ಹಿಡಿದರೆ ಮೊದಲು ಬರುವುದು ಬರೀ ಸ್ಪಿರಿಟ್ಟಿನ ಘಾಟು. ಎರಡು ನಿಮಿಷ ಬಿಟ್ಟು ಮತ್ತೆ ಹಿಡಿದರೆ ಒಣದ್ರಾಕ್ಷಿ, ಸಿಪ್ಪೆ, ಮರ. ಹತ್ತು ನಿಮಿಷಕ್ಕೆ ಬೇರೆಯದ್ದೇ ಏನೋ. ಅದನ್ನು ನೆನಪಿಟ್ಟುಕೊಂಡು, ಇದು 15 ವರ್ಷದ ಮೇಲೆ ಏನಾದೀತು ಎಂದು ಹೇಳಬೇಕು. ಇದನ್ನು ಪುಸ್ತಕದಲ್ಲಿ ಬರೆದಿಡಲು ಆಗುವುದಿಲ್ಲ. ಗೊತ್ತಿರುವವರ ಪಕ್ಕ ವರ್ಷಗಟ್ಟಲೆ ನಿಂತೇ ಕಲಿಯಬೇಕು. ಹಾಗಂತ ರಕ್ತದಲ್ಲೇ ಬರುತ್ತದೆ ಎಂದು ನಾನು ನಂಬುವುದಿಲ್ಲ. ರೆಮಿ ಮಾರ್ಟಿನ್ ಎಂಬ ಇನ್ನೊಂದು ಕೊನ್ಯಾಕ್ ಮನೆಯಲ್ಲಿ 2003ರಲ್ಲಿ ಸೆಲ್ಲಾರ್ ಮಾಸ್ಟರ್ (ಬ್ಲೆಂಡರ್ ಕೆಲಸಕ್ಕೆ ಅಲ್ಲಿ ಆ ಹೆಸರು) ಆದ ಪಿಯರೆತ್ ತ್ರಿಶೆ ಆ ಮನೆಯವರಲ್ಲ. ದೊಡ್ಡ ಕೊನ್ಯಾಕ್ ಮನೆಗಳಲ್ಲಿ ಆ ಕುರ್ಚಿಯಲ್ಲಿ ಕೂತ ಮೊದಲ ಹೆಂಗಸು ಆಕೆ.

ಸಂಗ್ರಹ ಎಷ್ಟು ಮುಖ್ಯ ಎಂದು ತೋರಿಸಿದ್ದು ಒಂದು ಹುಳ. ಫಿಲಾಕ್ಸೆರಾ ಅಂತ ಅದರ ಹೆಸರು. ಅಮೆರಿಕದಿಂದ ಬಂದದ್ದು, ಬಳ್ಳಿಯ ಬೇರಿಗೆ ಹತ್ತಿ ರಸ ಹೀರುತ್ತದೆ. 1870ರ ದಶಕದಲ್ಲಿ ಕೊನ್ಯಾಕ್ ಸೀಮೆಗೆ ಹೊಕ್ಕಿತು. ಆಗ ಅಲ್ಲಿ ಸುಮಾರು 2,80,000 ಹೆಕ್ಟೇರ್ ದ್ರಾಕ್ಷಿ ಇತ್ತು. 1893ಕ್ಕೆ ಉಳಿದದ್ದು 40,000 ಹೆಕ್ಟೇರ್ ಆಸುಪಾಸು. ರೈತರು ದಿವಾಳಿ. ಪರಿಹಾರ ಕೊನೆಗೆ ಅಮೆರಿಕದಿಂದಲೇ ಬಂತು. ಟೆಕ್ಸಾಸಿನ ಸುಣ್ಣದ ನೆಲದಲ್ಲಿ ಬೆಳೆಯುವ ಕಾಡುಬಳ್ಳಿಯ ಬೇರಿಗೆ ಫ್ರೆಂಚ್ ಬಳ್ಳಿಯ ಕಸಿ ಕಟ್ಟಿದರು. ಟೆಕ್ಸಾಸಿನ ಡೆನಿಸನ್ ಎಂಬ ಊರು ಇವತ್ತಿಗೂ ಕೊನ್ಯಾಕ್‌ನ ಸೋದರ ನಗರ. ಮೊದಲಿದ್ದ ಫೋಲ್ ಬ್ಲಾಂಶ್ ಜಾತಿಯ ಬಳ್ಳಿ ಹೋಗಿ ಉನಿ ಬ್ಲಾಂ ಬಂತು. ಹೊಸ ತೋಟ ಫಲ ಕೊಟ್ಟು, ಅದು ಪೀಪಾಯಿಗೆ ಹೋಗಿ, ಹಣ್ಣಾಗಿ ಬರುವ ತನಕ ಅಂಗಡಿ ಹೇಗೆ ನಡೆಯಬೇಕು? ನೆಲಮಾಳಿಗೆಯಲ್ಲಿ ಅಜ್ಜಂದಿರ ಪೀಪಾಯಿ ಇದ್ದವರು ನಡೆಸಿದರು, ಇಲ್ಲದವರು ಬಾಗಿಲು ಹಾಕಿದರು. ಬ್ರಾಂಡಿ ಸಿಗದೆ ಹೋದ ಆ ವರ್ಷಗಳಲ್ಲೇ ಇಂಗ್ಲೆಂಡಿನ ಶ್ರೀಮಂತರು ಸ್ಕಾಚ್‌ಗೆ ಬಾಯಿ ರೂಢಿ ಮಾಡಿಕೊಂಡದ್ದು. ನಿಮ್ಮ ಬಾರಿನಲ್ಲಿ ಇವತ್ತು ವಿಸ್ಕಿಗೆ ಮೂರು ಶೆಲ್ಫು, ಬ್ರಾಂಡಿಗೆ ಒಂದು ಮೂಲೆ ಇದ್ದರೆ ಅದರಲ್ಲಿ ಆ ಹುಳದ ಪಾಲೂ ಇದೆ.

ಎರಡನೇ ಪೆಟ್ಟು ಯುದ್ಧದ್ದು. 1940ರಲ್ಲಿ ಜರ್ಮನರು ಬಂದು ಕೂತರು. ಕೊನ್ಯಾಕ್ ಮೇಲುಸ್ತುವಾರಿಗೆ ಅವರು ನೇಮಿಸಿದ ಗುಸ್ತಾವ್ ಕ್ಲೇಬಿಶ್ ಹುಟ್ಟಿದ್ದೇ ಕೊನ್ಯಾಕ್‌ನಲ್ಲಿ. ಅವರ ಮನೆಯವರದ್ದು ಮ್ಯೂಕೋವ್ ಎಂಬ ಬ್ರಾಂಡಿ ಕಂಪನಿ ಇತ್ತು. ಮೊದಲ ಮಹಾಯುದ್ಧದಲ್ಲಿ ಶತ್ರುದೇಶದವರ ಆಸ್ತಿ ಎಂದು ಫ್ರೆಂಚರು ಅದನ್ನು ಮುಟ್ಟುಗೋಲು ಹಾಕಿಕೊಂಡಿದ್ದರು. ಅಂಥವನು ಅಧಿಕಾರ ಹಿಡಿದು ವಾಪಸ್ ಬಂದರೆ ಏನಾಗಬೇಕು? ಸೇಡು ಅಂದುಕೊಳ್ಳುತ್ತೇವೆ. ಆದರೆ ಹಳೆಯ ಸಂಗ್ರಹ ಬಹುಮಟ್ಟಿಗೆ ಉಳಿಯಿತು. ಊರಿನ ಮನೆತನಗಳು ಮೋರಿಸ್ ಹೆನೆಸ್ಸಿಯಂಥವರ ಮುಂದಾಳುತನದಲ್ಲಿ (ಮೇಲೆ ಹೇಳಿದ ಮೋರಿಸ್ ಅಲ್ಲ, ಅವರ ಹಿಂದಿನವರು) ಒಟ್ಟಾಗಿ ನಿಂತು ಚೌಕಾಸಿ ಮಾಡಿದ್ದೂ ಕಾರಣ. ಪೀಪಾಯಿಯ ಬೆಲೆ ಗೊತ್ತಿದ್ದವನು ಎದುರಿಗೆ ಕೂತಿದ್ದದ್ದೂ ಕಾರಣ ಇರಬೇಕು ಅಂತ ನನಗೆ ಅನ್ನಿಸುತ್ತದೆ.

ಮನೆತನ ಎಂದ ಮೇಲೆ ಮದುವೆ, ಜಗಳ ಇಲ್ಲದೆ ಇರುತ್ತದಾ? ಜಾನ್ ಮಾರ್ಟೆಲ್ 1753ರಲ್ಲಿ ತೀರಿಕೊಂಡಾಗ ವ್ಯಾಪಾರ ಕೈಬಿಡದೆ ಹಿಡಿದವಳು ಹೆಂಡತಿ ರೇಶೆಲ್. ಜೇಮ್ಸ್ ಹೆನೆಸ್ಸಿ ಮದುವೆಯಾದದ್ದು ಮಾರ್ಟೆಲ್ ಮನೆಯ ಹುಡುಗಿಯನ್ನು. ಅಂಗಡಿಯಲ್ಲಿ ಪೈಪೋಟಿ, ಮನೆಯಲ್ಲಿ ಬೀಗರು. ಎಲ್ಲಕ್ಕಿಂತ ಸ್ವಾರಸ್ಯದ್ದು ರೆಮಿ ಮಾರ್ಟಿನ್. 1724ರ ಹೆಸರು, ಆದರೆ 1924ರಲ್ಲಿ ಅದು ಆಂದ್ರೆ ರೆನೋ ಎಂಬವರ ಕೈಗೆ ಬಂತು. ಅವರಿಗೆ ಇಬ್ಬರು ಹೆಣ್ಣುಮಕ್ಕಳು. ಒಬ್ಬಳನ್ನು ಹೆರಿಯಾರ್ ದ್ಯುಬ್ರೇಯ್ ಕುಟುಂಬಕ್ಕೆ ಕೊಟ್ಟರು, ಇನ್ನೊಬ್ಬಳನ್ನು ಕಿತ್ತಳೆ ಸಿಪ್ಪೆಯ ಮದ್ಯ ಮಾಡುವ ಕ್ವಾಂತ್ರೋ ಕುಟುಂಬಕ್ಕೆ. ಮಾವ ಹೋದ ಮೇಲೆ ಎರಡು ಕಡೆಯವರಿಗೂ ವರ್ಷಗಟ್ಟಲೆ ಕೋರ್ಟು. ಕೊನೆಗೆ ರೆಮಿ ಮೊದಲಿನವರಿಗೇ ಉಳಿಯಿತು. ವಿಧಿಯಾಟ ನೋಡಿ, ಆಮೇಲೆ ಕ್ವಾಂತ್ರೋ ಕಂಪನಿಯೂ ಅದರೊಳಗೇ ಸೇರಿ ರೆಮಿ ಕ್ವಾಂತ್ರೋ ಆಯಿತು. ನೀವು ಅಳಿಯಕಟ್ಟಿನ ಸೀಮೆಯವರು. ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುವುದು, ಮನೆತನ ಅದರಿಂದಲೇ ಉಳಿಯುವುದು ನಿಮಗೆ ಹೊಸದಲ್ಲ. ಕೋರ್ಟೂ ಹೊಸದಲ್ಲ.

ಪೂರ್ತಿ ಮನೆಯವರ ಕೈಯಲ್ಲೇ ಉಳಿದ ದೊಡ್ಡ ಹೆಸರು ಬೇಕೆಂದರೆ ಕಾಮ್ಯು. 1863ರಲ್ಲಿ ಶುರು, ಈಗ ಐದನೇ ತಲೆಮಾರು. 1960ರ ದಶಕದಲ್ಲಿ ಡ್ಯೂಟಿ ಫ್ರೀ ಅಂಗಡಿ ಎಂಬ ಹೊಸ ಐಡಿಯಾ ಹಿಡಿದು ಬಂದ ಇಬ್ಬರು ಅಮೆರಿಕನ್ನರ ಜೊತೆ ನಾಲ್ಕನೇ ತಲೆಮಾರಿನ ಮಿಶೆಲ್ ಕಾಮ್ಯು ಕೈಜೋಡಿಸಿದರು. ಹಾಂಗ್‌ಕಾಂಗ್‌ಗೆ ಬರುತ್ತಿದ್ದ ಜಪಾನಿ ಪ್ರವಾಸಿಗರು ಬಾಟಲಿ ಬಾಟಲಿ ಕೊಂಡುಹೋದರು. ಅದೃಷ್ಟವೂ ಒಂದು ಆಸ್ತಿ.

ಮಾರ್ಟೆಲ್ ಮನೆಯವರು 1988ರಲ್ಲಿ ಸೀಗ್ರಾಮ್‌ಗೆ ಮಾರಿದರು. 2001ರಲ್ಲಿ ಅದು ಫ್ರಾನ್ಸಿನದ್ದೇ ಮದ್ಯ ಕಂಪನಿ ಪೆರ್ನೋ ರಿಕಾರ್ ಕೈಗೆ ಹೋಯಿತು. ಈ ಹೆಸರನ್ನು ನೆನಪಿಟ್ಟುಕೊಳ್ಳಿ.

ಈಗ ಮಗಳ ಎರಡನೇ ಪ್ರಶ್ನೆ. ನಮ್ಮ ಬ್ರಾಂಡಿಗಳಿಗೆ ಕಥೆ ಇಲ್ಲ ಅಂತಲ್ಲ. ಕಥೆ ಬೇರೆ. ಮ್ಯಾನ್ಷನ್ ಹೌಸ್ ಬ್ರಾಂಡಿ ಮಾಡುವ ತಿಲಕನಗರ ಇಂಡಸ್ಟ್ರೀಸ್ ಕೂಡ ಕುಟುಂಬದ ಕಂಪನಿಯೇ, ಅದೂ ನಮ್ಮ ಮಹಾರಾಷ್ಟ್ರದ್ದು. ಮಹಾದೇವ ಡಹಾಣೂಕರ್ 1933ರಲ್ಲಿ ಅಹಮದ್‌ನಗರ ಜಿಲ್ಲೆಯ ಶ್ರೀರಾಂಪುರದ ಹತ್ತಿರ ಶುರು ಮಾಡಿದ್ದು ಸಕ್ಕರೆ ಕಾರ್ಖಾನೆ. ಹೆಸರು ಮಹಾರಾಷ್ಟ್ರ ಶುಗರ್ ಮಿಲ್ಸ್. ಸಕ್ಕರೆ ಮಾಡಿದರೆ ಕಾಕಂಬಿ ಉಳಿಯುತ್ತದೆ. ಕಾಕಂಬಿ ಇದ್ದರೆ ಸ್ಪಿರಿಟ್ ಇಳಿಸಬಹುದು. ಸ್ಪಿರಿಟ್ ಇದ್ದರೆ ಬಾಟಲಿ ತುಂಬಬಹುದು. ಈಗಲೂ ಅದೇ ಕುಟುಂಬ ನಡೆಸುತ್ತಿದೆ. ಬ್ರಾಂಡಿ ಜಾಸ್ತಿ ಕುಡಿಯುವ ದಕ್ಷಿಣದ ರಾಜ್ಯಗಳಲ್ಲಿ ಅದರ ಮುಖ್ಯ ಮಾರುಕಟ್ಟೆ. 2025ರಲ್ಲಿ ಅವರು ಇಂಪೀರಿಯಲ್ ಬ್ಲೂ ವಿಸ್ಕಿಯನ್ನು ಕೊಳ್ಳುವುದಾಗಿ ಪ್ರಕಟಿಸಿದರು. ಯಾರಿಂದ? ಪೆರ್ನೋ ರಿಕಾರ್‌ನಿಂದ. ಮಾರ್ಟೆಲ್ ಇಟ್ಟುಕೊಂಡವರಿಂದ ಮುಂಬಯಿಯ ಬ್ರಾಂಡಿ ಮನೆಯವರು ವಿಸ್ಕಿ ಕೊಂಡರು. ಮಗಳಿಗೆ ಪ್ರಾಜೆಕ್ಟ್ ಬರೆಯಲು ಒಳ್ಳೆಯ ವಿಷಯ.

ಅಲ್ಲಿ ದ್ರಾಕ್ಷಿತೋಟದಿಂದ ಬ್ರಾಂಡಿ ಹುಟ್ಟಿತು, ಇಲ್ಲಿ ಕಬ್ಬಿನ ಗದ್ದೆಯಿಂದ. ನಮ್ಮಲ್ಲಿ ಮಾರಾಟವಾಗುವ ಹೆಚ್ಚಿನ ಬ್ರಾಂಡಿಯ ಬುಡ ಇ.ಎನ್.ಎ. ಕಾಕಂಬಿಯಿಂದಲೋ ಧಾನ್ಯದಿಂದಲೋ ಇಳಿಸಿದ, ಬಣ್ಣ ವಾಸನೆ ಇಲ್ಲದ ಸ್ಪಿರಿಟ್. ಅದಕ್ಕೆ ಒಂದಿಷ್ಟು ದ್ರಾಕ್ಷಿ ಸ್ಪಿರಿಟ್, ಶುದ್ಧ ನೀರು, ಬಣ್ಣಕ್ಕೆ ಕ್ಯಾರಮೆಲ್, ಪರಿಮಳ. ಟ್ಯಾಂಕಿನಲ್ಲಿ ಕಲೆಸಿ, ಸ್ವಲ್ಪ ಕೂರಿಸಿ, ಸೋಸಿ, ಬಾಟಲಿಗೆ. ಲೇಬಲ್ಲಿನ ಮೂಲೆಯಲ್ಲಿ 42.8 ಪರ್ಸೆಂಟ್, 25 ಯು.ಪಿ. (ಅಂಡರ್ ಪ್ರೂಫ್, ಅದೇ ಅಳತೆಯ ಹಳೆಯ ಲೆಕ್ಕ) ಅಂತ ಇರುತ್ತದಲ್ಲ, ಆ ಅಳತೆಗೆ ತಂದರೆ ಮುಗಿಯಿತು. ಕೆಲವೇ ದಿನದ ಕೆಲಸ. ಯುರೋಪಿನಲ್ಲಿ ಇದನ್ನು ಬ್ರಾಂಡಿ ಎಂದು ಮಾರುವಂತಿಲ್ಲ. ಅಲ್ಲಿ ವೈನಿನಿಂದಲೇ ಇಳಿಸಬೇಕು, ಓಕ್‌ನಲ್ಲಿ ಇಡಬೇಕು. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮದ ಪ್ರಕಾರ ಬ್ಲೆಂಡೆಡ್ ಬ್ರಾಂಡಿಯಲ್ಲಿ ಕನಿಷ್ಠ 2 ಪರ್ಸೆಂಟ್ ದ್ರಾಕ್ಷಿಯದ್ದೋ ಬೇರೆ ಹಣ್ಣಿನದ್ದೋ ನಿಜವಾದ ಬ್ರಾಂಡಿ ಇದ್ದರೆ ಸಾಕು. ಇದು ಮೋಸ ಅಂತ ನಾನು ಹೇಳುವುದಿಲ್ಲ. ಒಳ್ಳೆಯ ಇ.ಎನ್.ಎ.ಯಲ್ಲಿ ಒಳ್ಳೆಯ ಬ್ಲೆಂಡ್ ಮಾಡಲು ಕೈಚಳಕ ಬೇಕೇ ಬೇಕು. ಆದರೆ ಅದರಲ್ಲಿ ಕಾಯುವ ಕೆಲಸ ಇಲ್ಲ. ಮಕ್ಕಳಿಗೆ ಬಿಟ್ಟು ಹೋಗಲು ಪೀಪಾಯಿ ಇಲ್ಲ. ಬಿಟ್ಟು ಹೋಗುವುದು ಬ್ರಾಂಡ್, ಲೈಸೆನ್ಸ್, ಡಿಸ್ಟ್ರಿಬ್ಯೂಟರ್‌ಗಳ ಜಾಲ. ಇವು ಮಾರುವ, ಕೊಳ್ಳುವ ವಸ್ತುಗಳು. ಮ್ಯಾಕ್‌ಡೊವೆಲ್ಸ್ ನೋಡಿ. ಬಂಟ್ವಾಳ ಮೂಲದ ವಿಠಲ ಮಲ್ಯ 1951ರಲ್ಲಿ ಕೊಂಡರು, ಮಗನ ಕಾಲದಲ್ಲಿ ಕೈದಾಟಿ 2014ರ ಹೊತ್ತಿಗೆ ಡಿಯಾಜಿಯೋದ್ದಾಯಿತು. ಹೆನೆಸ್ಸಿಯಲ್ಲಿ 34 ಪರ್ಸೆಂಟ್ ಪಾಲಿದೆ ಎಂದೆನಲ್ಲ, ಅದೇ ಡಿಯಾಜಿಯೋ.

ಹಾಗಾದರೆ ನಾವೂ ದ್ರಾಕ್ಷಿಯಿಂದ ಮಾಡಿ 30 ವರ್ಷ ಕಾಯಬಾರದಾ ಎಂದು ಕೇಳಬಹುದು. ನಾಸಿಕ್‌ನಲ್ಲಿ ದ್ರಾಕ್ಷಿಯಿಂದಲೇ ಬ್ರಾಂಡಿ ಮಾಡುವ ಕೆಲಸ ಶುರುವಾಗಿದೆ. ಕಾಯುವುದೇ ಕಷ್ಟ. ಗೋವಾದ ಸೆಕೆಯಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು 8 ಪರ್ಸೆಂಟ್ ಹಾರಿಹೋಗುತ್ತದೆ. ಅದೇ 100 ಲೀಟರ್ ಲೆಕ್ಕ ತೆಗೆದುಕೊಳ್ಳಿ, 30 ವರ್ಷಕ್ಕೆ ಉಳಿಯುವುದು ಎಂಟೇ ಲೀಟರ್. ಮೊಮ್ಮಗಳಿಗೆ ಸಿಗುವುದು ಖಾಲಿ ಪೀಪಾಯಿ, ಕಹಿ ಮರದ ರಸ. ಬೆಂಗಳೂರಿನಲ್ಲಿ ಇನ್ನೂ ಜಾಸ್ತಿ. 1948ರಲ್ಲಿ ರಾಧಾಕೃಷ್ಣ ಜಗದಾಳೆ ಶುರು ಮಾಡಿದ ಅಮೃತ್ ಡಿಸ್ಟಿಲರೀಸ್, ಒಂದು ಕಾಲದಲ್ಲಿ ಸಿಲ್ವರ್ ಕಪ್ ಬ್ರಾಂಡಿಗೆ ಹೆಸರಾದ ಮನೆ, ತನ್ನ ಎಂಟು ವರ್ಷದ ವಿಸ್ಕಿಗೆ ಇಟ್ಟ ಹೆಸರೇ ಗ್ರೀಡಿ ಏಂಜಲ್ಸ್. ಮೂರನೇ ತಲೆಮಾರು ಈಗ ನಡೆಸುತ್ತಿದೆ. ನಮ್ಮ ಹವೆಯಲ್ಲಿ ಎಂಟು ವರ್ಷವೇ ಮುಪ್ಪು. ಇಲ್ಲಿ ಒಬ್ಬ ಬ್ಲೆಂಡರ್ ತಾನು ತುಂಬಿಸಿದ್ದನ್ನು ತಾನೇ ಬಾಟಲಿ ಮಾಡಿ ರಿಟೈರ್ ಆಗುತ್ತಾನೆ. ಒಂದು ರೀತಿಯಲ್ಲಿ ಅದೃಷ್ಟವಂತ.

ಗೋವಾದ ಗೇರುಹಣ್ಣಿನ ಫೆಣಿಯೂ ಲೆಕ್ಕಕ್ಕೆ ಹಣ್ಣಿನ ಬ್ರಾಂಡಿಯೇ. ಹಣ್ಣು ತುಳಿದು ಬರುವ ರಸವನ್ನು ಹುಳಿಸಿ ಇಳಿಸುತ್ತಾರೆ. ಮೊದಲ ಸಲ ಹುರಾಕ್, ಮತ್ತೆ ಇಳಿಸಿದರೆ ಫೆಣಿ. 2009ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿತು. ಅದನ್ನು ಮರದಲ್ಲಿ ಇಡುವ ಪದ್ಧತಿ ಇಲ್ಲ, ಗರ್ರಾಫಾಂವ್ ಎನ್ನುವ ದೊಡ್ಡ ಗಾಜಿನ ಬುರುಡೆಯಲ್ಲಿ ತುಂಬಿಡುತ್ತಾರೆ. ಗೇರುಗುಡ್ಡವನ್ನೂ ಎಷ್ಟೋ ಕಡೆ ಹಂಗಾಮಿಗೆ ಹರಾಜಿನಲ್ಲಿ ಹಿಡಿಯುವುದು. ಅಪ್ಪನಿಂದ ಮಗನಿಗೆ ದಾಟುವುದು ಕೈಯ ಅಂದಾಜು ಮಾತ್ರ.

ಮುಂಬಯಿಗೆ ಬಂದರೆ ಇನ್ನೂ ವಿಚಿತ್ರ. 1949ರ ಮುಂಬಯಿ ಪಾನನಿಷೇಧ ಕಾಯಿದೆ ಇವತ್ತಿಗೂ ಜಾರಿಯಲ್ಲಿದೆ, ಹೆಸರು ಮಾತ್ರ ಮಹಾರಾಷ್ಟ್ರದ್ದಾಗಿದೆ. ಒಂದು ಕಾಲದಲ್ಲಿ ಡಾಕ್ಟರ ಸರ್ಟಿಫಿಕೇಟ್ ಹಿಡಿದು ಆರೋಗ್ಯಕ್ಕೆ ಅಂತ ಪರ್ಮಿಟ್ ತೆಗೆದುಕೊಳ್ಳಬೇಕಿತ್ತು. ಬ್ರಾಂಡಿ ಔಷಧಿ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಲು ಅದೂ ಕಾರಣ ಇರಬೇಕು. (ಶೀತಕ್ಕೆ ಮಗುವಿಗೆ ಚಮಚದಲ್ಲಿ ಕೊಡುವ ಅಭ್ಯಾಸ ಇನ್ನೂ ಕೆಲವು ಮನೆಗಳಲ್ಲಿದೆ. ದಯವಿಟ್ಟು ಬೇಡ. ಅದು ಮೈ ಬೆಚ್ಚಗೆ ಮಾಡುವುದಿಲ್ಲ, ಇದ್ದ ಶಾಖವನ್ನೂ ಹೊರಗೆ ಬಿಡುತ್ತದೆ. ಮಗುವಿಗೆ ವಿಷವೇ.) ಅಂಥ ಕಾನೂನಿನ ಊರಿನಲ್ಲಿ ಮಾಲಿಗಿಂತ ಕಾಗದಕ್ಕೆ ಬೆಲೆ ಜಾಸ್ತಿ. ವೈನ್ ಶಾಪಿನ ಎಫ್.ಎಲ್. 2 ಲೈಸೆನ್ಸ್ ಹೊಸದಾಗಿ ಕೊಡುವುದು 1970ರ ದಶಕದಲ್ಲೇ ನಿಂತುಹೋಯಿತು. ಇದ್ದವರ ಕಾಗದ ಚಿನ್ನ ಆಯಿತು. ನಿಮ್ಮ ಪರ್ಮಿಟ್ ರೂಮಿನ ಎಫ್.ಎಲ್. 3 ಲೈಸೆನ್ಸ್ ಅಷ್ಟು ಅಪರೂಪದ್ದಲ್ಲ, ಆದರೂ ನಿಮ್ಮಜ್ಜ ಬಿಟ್ಟು ಹೋದ ನೆಲಮಾಳಿಗೆ ಅದೇ. ಮಗಳು ಬರುತ್ತಾಳೋ ಇಲ್ಲವೋ ಅವಳಿಷ್ಟ. ಬರುವುದಾದರೆ ಲೈಸೆನ್ಸಿನಲ್ಲಿ ಅವಳ ಹೆಸರು ಸೇರಿಸುವ ಕೆಲಸ ನೀವಿದ್ದಾಗಲೇ ಮುಗಿಸಿ. ಆಮೇಲೆ ವಾರಸುದಾರರೆಂದು ಸಾಬೀತು ಮಾಡಿಕೊಂಡು ಎಕ್ಸೈಸ್ ಆಫೀಸಿಗೆ ಅಲೆಯುವುದು ಬೇರೆಯೇ ತಲೆನೋವು.

ಕೊನೆಗೆ ಅಪ್ಪನ ಮಾರ್ಟೆಲ್. ಇಟ್ಟಷ್ಟೂ ಒಳ್ಳೆಯದಾಗುವುದಿಲ್ಲ. ಬ್ರಾಂಡಿ ಹಣ್ಣಾಗುವುದು ಮರದಲ್ಲಿ. ಗಾಜಿಗೆ ಬಂದ ದಿನ ಅದರ ವಯಸ್ಸು ನಿಂತುಹೋಗುತ್ತದೆ. ಕೊನ್ಯಾಕ್‌ನಲ್ಲೂ ತೀರಾ ಹಳೆಯದು ಇನ್ನು ಮರ ಕುಡಿಯಬಾರದು ಅನ್ನಿಸಿದಾಗ ಗಾಜಿನ ಬುರುಡೆಗೆ ಹಾಕಿ ನಿಲ್ಲಿಸಿಬಿಡುತ್ತಾರೆ. ಹಾಗಾಗಿ ನಿಮ್ಮ ಬಾಟಲಿಯಲ್ಲಿ ಇರುವುದು ಅಪ್ಪ ತರಿಸಿದಾಗ ಇದ್ದದ್ದೇ, ಕಾರ್ಕ್ ಗಟ್ಟಿ ಇದ್ದರೆ. ಬೆಳಕಿಗೆ ಹಿಡಿದು ಮಟ್ಟ ನೋಡಿ. ಕುತ್ತಿಗೆಯಿಂದ ಕೆಳಗೆ ಇಳಿದಿದ್ದರೆ ಕಾರ್ಕ್ ಬಿಟ್ಟಿದೆ ಅಂತ ಅರ್ಥ. ವೈನಿನ ಹಾಗೆ ಮಲಗಿಸಿ ಇಡಬೇಡಿ, ಸ್ಪಿರಿಟ್ ಕಾರ್ಕನ್ನು ತಿನ್ನುತ್ತದೆ. ನೆಟ್ಟಗೆ, ಬಿಸಿಲು ಬೀಳದ ಕಪಾಟಿನಲ್ಲಿ ಇರಲಿ. ಹಳೆಯ ಬಾಟಲಿಗೆ ಹೊರದೇಶದ ಹರಾಜಿನಲ್ಲಿ ಬೆಲೆ ಬರುವುದು ಉಂಟು, ಆದರೆ ಇಲ್ಲಿ ಖಾಸಗಿಯಾಗಿ ಮಾರಲು ಹೋಗಬೇಡಿ. ಕಾನೂನು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ತೆರೆಯುವುದಾದರೆ ನಾಲ್ಕು ಜನ ಇರುವಾಗ ತೆರೆಯಿರಿ. ಅಷ್ಟು ವರ್ಷದ ಕಾರ್ಕ್ ಅರ್ಧಕ್ಕೆ ಮುರಿಯುವುದೇ ಜಾಸ್ತಿ, ಸೋಸಲು ಬಿಳಿ ಬಟ್ಟೆ ಪಕ್ಕದಲ್ಲಿಟ್ಟುಕೊಳ್ಳಿ. ಗ್ಲಾಸಿಗೆ ಹಾಕಿ ಹತ್ತು ನಿಮಿಷ ಸುಮ್ನೆ ಬಿಡಿ. ಐಸ್ ಬೇಡ, ಸೋಡಾ ಬೇಡ. ಉಳಿದದ್ದನ್ನು ಅರ್ಧ ಬಾಟಲಿಯಲ್ಲೇ ವರ್ಷಗಟ್ಟಲೆ ಇಡಬೇಡಿ, ಗಾಳಿ ತಾಗಿ ಸಪ್ಪೆಯಾಗುತ್ತದೆ. ಚಿಕ್ಕ ಬಾಟಲಿಗೆ ಬಾಯಿ ತನಕ ತುಂಬಿಟ್ಟರೆ ಇನ್ನೂ ಸ್ವಲ್ಪ ದಿನ ತಡೆಯುತ್ತದೆ.